ನೀರು ಕುಡಿಯುವ ಹಲಗೆ

ಫೈಬರ್ ಕೆಲಸದವನ ಅಂಗಡಿಗೆ ಎಂಥೆಂಥ ರೋಗಿಗಳು ಬರುತ್ತಾರೆಂದು ಹೇಳಲಾಗದು. ಲಾರಿಯ ಬಾನೆಟ್ಟು, ಬಚ್ಚಲಮನೆಯ ಬಾಗಿಲು, ಸಿಡಿದ ನೀರಿನ ಟಾಕಿ, ಒಮ್ಮೆ ಮದುವೆ ಮಂಟಪದವರ ಆನೆಯ ಮುರಿದ ಸೊಂಡಿಲು ಕೂಡ ಬಂದಿತ್ತು. ಆದರೆ ಸಮುದ್ರದ ತೆರೆಯ ಮೇಲೆ ಜಾರುವ ಸರ್ಫ್ ಹಲಗೆಯೊಂದು ನಿಪ್ಪಾಣಿಯ ನನ್ನ ತಗಡಿನ ಶೆಡ್ಡಿಗೆ ಬರುತ್ತದೆಂದು ಯಾರಾದರೂ ಹೇಳಿದ್ದರೆ ಅವರಿಗೆ ಒಂದು ಕಪ್ ಚಹಾ ಕುಡಿಸಿ ಮನೆಗೆ ಕಳಿಸುತ್ತಿದ್ದೆ. ನಮ್ಮಿಂದ ಸಮುದ್ರಕ್ಕೆ ಹೋಗಬೇಕೆಂದರೆ ಘಾಟು ಇಳಿಯಬೇಕು.

ದೀಪಾವಳಿ ಮುಗಿದ ಮೇಲೆ ಒಂದು ಮುಂಜಾನೆ ಬೋರಗಾಂವದ ಲಾರಿ ಚಾಲಕರೊಬ್ಬರು ಅದನ್ನು ಬಗಲಲ್ಲಿ ಹಿಡಿದು ಬಂದರು. ಗೋವಾಕ್ಕೆ ತರಕಾರಿ ಒಯ್ಯುವವರು. ಅವರ ಲಾರಿಯ ಬಾನೆಟ್ಟನ್ನು ಹಿಂದೆ ನಾನೇ ಸರಿಮಾಡಿದ್ದೆ, ಹಾಗಾಗಿ ಸಲಿಗೆ ಇತ್ತು.

"ಇದೇನ್ರಿ ಮಾಲಕ, ಇಸ್ತ್ರಿ ಮಾಡೂ ಟೇಬಲ್ಲು?" ಎಂದೆ.

"ಗೋವಾದಾಗ ದರ್ಯಾದ ಮ್ಯಾಲ ಹುಡುಗರು ಆಡತಾರಲ್ರಿ, ಆ ಫಳಿ. ಅಲ್ಲಿ ಒಬ್ಬಾಂವ ಹಳೇವು ತೆಗದು ಹಾಕಾಕತ್ತಿದ್ದ, ಒಂದು ತಗೊಂಡು ಬಂದೆ. ನೀರು ಕುಡ್ಯಾಕತ್ತೇತಿ. ಏನರೆ ಔಷಧ ಐತೇನು ನೋಡ್ರಿ."

"ನಿಮಗ್ಯಾಕ ಬೇಕಾತು ಇದು? ಲಾರಿ ಬಿಟ್ಟು ಇದರ ಮ್ಯಾಲ ಗೋವಾಕ್ಕ ಹೋಗಾವ್ರೇನು?"

ಅವರು ನಗಲಿಲ್ಲ. "ಮಗಳದ್ರಿ," ಎಂದು ಲಾರಿಯ ಕಡೆ ನೋಡಿದರು.

ಕ್ಯಾಬಿನ್ನಿನಲ್ಲಿ ಇಪ್ಪತ್ತು ದಾಟಿದ ಒಬ್ಬ ಹುಡುಗಿ ಕೂತಿದ್ದಳು. ಪಕ್ಕದಲ್ಲಿ ಎರಡು ಊರುಗೋಲು. ಸಣ್ಣವಳಿದ್ದಾಗ ಬಂದ ಜ್ವರ ಎರಡೂ ಕಾಲಿನ ಬಲವನ್ನು ಒಯ್ದಿತ್ತಂತೆ. ಕೈಯಿಂದ ತಿರುಗಿಸುವ ಹೊಲಿಗೆ ಮಷಿನ್ನಿನ ಮೇಲೆ ಓಣಿಯ ಹೆಂಗಸರಿಗೆಲ್ಲ ಕುಪ್ಪಸ ಹೊಲಿಯುತ್ತಾಳೆ. ಊರುಗೋಲು ಮತ್ತು ಮಷಿನ್ನು ಸೇರಿ ಅವಳ ತೋಳುಗಳನ್ನು ಗಟ್ಟಿ ಮಾಡಿದ್ದವು. ದೂಧಗಂಗಾ ನದಿಗೆ ಕಟ್ಟಿದ ಬಂಧಾರದ ಹಿಂದೆ ನೀರು ನಿಂತಿರುವ ಕಾಲದಲ್ಲಿ ಅವಳು ಈ ಹಲಗೆಯ ಮೇಲೆ ಬೋರಲು ಮಲಗಿ, ಎರಡೂ ಕೈಯಿಂದ ನೀರು ಎಳೆಯುತ್ತ ಈ ದಂಡೆಯಿಂದ ಆ ದಂಡೆಗೆ ಹೋಗಿ ಬರುತ್ತಾಳೆ. ಸರ್ಫ್ ಆಡುವವರೂ ತೆರೆ ಬರುವ ತನಕ ಹಾಗೆಯೇ ಕೈಯಿಂದ ಸಾಗುತ್ತಾರಂತೆ, ಗೋವಾದಲ್ಲಿ ಅದನ್ನು ನೋಡಿಯೇ ತಂದೆಗೆ ಈ ವಿಚಾರ ಹೊಳೆದದ್ದು.

"ಚಾಚಾ," ಎಂದಳು ಹುಡುಗಿ ಕಿಟಕಿಯಿಂದ, "ಏನ್ ಬೇಕಾದ್ರೂ ಮಾಡ್ರಿ, ಭಾರ ಮಾತ್ರ ಮಾಡಬ್ಯಾಡ್ರಿ. ಭಾರಾತಂದ್ರ ನನಗ ತಿರುಗಿಸಾಕ ಬರೂದಿಲ್ಲ. ನೆಲದ ಮ್ಯಾಲ ಎಲ್ಲಾರೂ ನನ್ನ ಕೈ ಹಿಡದು ಎಬ್ಬಸ್ತಾರ. ಅಲ್ಲಿ ಯಾರೂ ಹಿಡ್ಯೂದಿಲ್ಲ ನೋಡ್ರಿ, ನಾನs ಹೋಕ್ಕೀನಿ, ನಾನs ಬರ್ತೀನಿ."

ಅವಳು ಇದನ್ನು ದೂರಿನಂತೆ ಹೇಳಲಿಲ್ಲ, ಬಟ್ಟೆಯ ಅಳತೆ ಹೇಳಿದಂತೆ ಹೇಳಿದಳು. ನನಗೆ ಆಗಲೇ ಅವಳು ಹಿಡಿಸಿಬಿಟ್ಟಳು.

ಹಲಗೆಯನ್ನು ಎರಡು ಸ್ಟೂಲಿನ ಮೇಲೆ ಇಟ್ಟು ನೋಡಿದೆ. ಒಳಗೆ ಥರ್ಮಾಕೋಲಿನ ಹೊಟ್ಟೆ, ಮೇಲೆ ತೆಳ್ಳನೆಯ ಗ್ಲಾಸ್ ಬಟ್ಟೆಯ ಚರ್ಮ, ಅಷ್ಟೆ. ನಾವು ಫೈಬರ್ ಬಾಗಿಲು ಮಾಡುವಾಗ ಹಾಸುವ ಗ್ಲಾಸ್ ಮ್ಯಾಟಿನ ಒಂದು ಪದರಿನಷ್ಟೂ ದಪ್ಪವಿಲ್ಲ. ಬೆರಳಿಂದ ಒತ್ತಿದರೆ ತಗ್ಗು ಬೀಳುತ್ತಿತ್ತು. ಅವಳ ಮೊಣಕೈ ಊರಿದ ಕಡೆ, ಸೊಂಟದ ಎಲುಬು ಕೂತ ಕಡೆ ಸಣ್ಣ ಸಣ್ಣ ಕುಳಿಗಳಾಗಿದ್ದವು. ನದಿಯ ಮೆಟ್ಟಿಲಿಗೆ ತಾಗಿದ ಕಡೆಗಳಲ್ಲಿ ಅಂಚು ಸೀಳಿತ್ತು. ನಮ್ಮ ಕಸುಬಿನಲ್ಲಿ ಗಟ್ಟಿ ಅಂದರೆ ದಪ್ಪ. ಇದನ್ನು ಮಾಡಿದವನು ಹಗುರ ಮಾಡಬೇಕೆಂಬ ಹಟಕ್ಕೆ ಬಿದ್ದಿದ್ದ. ಮರಳಿನ ದಂಡೆಗೆ ಅದು ಸರಿ ಹೋದೀತು, ನಮ್ಮ ಕರಿಕಲ್ಲಿನ ಮೆಟ್ಟಿಲಿಗೆ ಅಲ್ಲ.

ಮೂತಿಯ ಹತ್ತಿರ, ಮೇಲುಗಡೆ, ಕುಂಕುಮದ ಒಂದು ದಪ್ಪ ಬೊಟ್ಟು ಇತ್ತು. ಹೊಸ ಗಾಡಿಗೆ ಹಚ್ಚುತ್ತಾರಲ್ಲ, ಹಾಗೆ. ಸುತ್ತ ಟೇಪು ಹಚ್ಚಿ ಅದನ್ನು ಕಾಪಾಡಿಕೊಂಡೆ. ಇದು ನಮ್ಮ ಅಂಗಡಿಯಲ್ಲಿ ಅಬ್ಬಾನ ಕಾಲದಿಂದ ಬಂದ ರೂಢಿ. ಬಾನೆಟ್ಟಿನ ಮೇಲೆ ಸ್ವಸ್ತಿಕವಿರಲಿ, ಚಂದ್ರನಿರಲಿ, ಬಸದಿಯ ಚಿತ್ರವಿರಲಿ, ಮಾಲಕ ಭಕ್ತಿಯಿಂದ ಹಚ್ಚಿದ್ದನ್ನು ಪಾಲಿಶ್ ಪೇಪರಿನಿಂದ ಉಜ್ಜುವ ಹಕ್ಕು ನಮಗಿಲ್ಲ ಎಂದು ಅಬ್ಬಾ ಹೇಳುತ್ತಿದ್ದರು. ಸುತ್ತ ಕೆಲಸ ಮಾಡು, ಅದನ್ನು ಬಿಡು.

ಮೊದಲ ಪೆಟ್ಟು ನನಗೆ ಬೇಗನೇ ಬಿತ್ತು. ಅಂಚಿನ ಸೀಳಿಗೆ ನಾವು ದಿನವೂ ಬಳಸುವ ಸಾದಾ ರೆಸಿನ್ ಅಂಟು ಕಲಸಿ ಒಂದು ಬೊಟ್ಟು ಇಟ್ಟೆ. ಚಹಾ ಕುಡಿದು ಬರುವಷ್ಟರಲ್ಲಿ ಬೊಟ್ಟು ಒಳಗೆ ಇಳಿದಿತ್ತು. ಇನ್ನಷ್ಟು ಹಾಕಿದೆ, ಅದೂ ಇಳಿಯಿತು. ಬೆರಳು ಹಾಕಿ ನೋಡಿದರೆ ಒಳಗಿನ ಥರ್ಮಾಕೋಲು ಕರಗಿ ಇಲಿಯ ಬಿಲದಂತಾಗಿತ್ತು. ಸಾದಾ ರೆಸಿನ್ನಿನೊಳಗಿನ ವಾಸನೆಯ ದ್ರವಕ್ಕೆ ಥರ್ಮಾಕೋಲೆಂದರೆ ಪೇಢೆ ಇದ್ದಂತೆ. ನನ್ನ ಮೇಲೆ ನನಗೇ ಸಿಟ್ಟು ಬಂದು ಬ್ರಶ್ಶನ್ನು ಡ್ರಮ್ಮಿಗೆ ಎಸೆದೆ. ಮತ್ತೆ ಹೋಗಿ ನಾನೇ ಎತ್ತಿಕೊಂಡು ತೊಳೆದಿಟ್ಟೆ, ಬ್ರಶ್ಶಿನ ತಪ್ಪು ಏನಿತ್ತು?

ಚಾಲಕರಿಗೆ ಫೋನ್ ಮಾಡಿದೆ. ಅವರು ಗೋವಾದಲ್ಲಿ ಹಲಗೆ ಕೊಟ್ಟವನನ್ನು ಹುಡುಕಿ ಅವನ ನಂಬರು ಕೊಟ್ಟರು. ಅವನೊಡನೆ ಹಿಂದಿಯಲ್ಲಿ ಮಾತಾಡಿದೆ. ಥರ್ಮಾಕೋಲಿನ ಹಲಗೆಗೆ ಇಪಾಕ್ಸಿ ಎಂಬ ಬೇರೆ ಜಾತಿಯ ರೆಸಿನ್ನೇ ಬೇಕು, ಬೇರೆ ಏನನ್ನೂ ತೋರಿಸಬೇಡ ಎಂದ. ಹಲಗೆಯ ಮೇಲೆ ಒಂದು ಸಣ್ಣ ತಿರುಪು ಇರುತ್ತದೆ, ಒಳಗಿನ ಗಾಳಿ ಉಸಿರಾಡಲಿಕ್ಕೆ. ಬಿಸಿಲಲ್ಲಿ, ಘಾಟು ಹತ್ತುವಾಗ ಅದನ್ನು ಸಡಿಲ ಬಿಡಬೇಕು, ಇಲ್ಲದಿದ್ದರೆ ಚರ್ಮ ಉಬ್ಬುತ್ತದೆ ಎಂದೂ ಹೇಳಿದ. ನೀರು ಒಳಗೆ ಹೋದೀತೆಂದು ನಮ್ಮ ಚಾಲಕರು ಆ ತಿರುಪನ್ನು ಜೀವ ಬಿಟ್ಟು ಬಿಗಿ ಮಾಡಿಟ್ಟಿದ್ದರು.

ಕೊಲ್ಹಾಪುರದಿಂದ ಇಪಾಕ್ಸಿ ತರಿಸಿದೆ. ಅದರ ಸ್ವಭಾವ ಬೇರೆ. ಸಾದಾ ರೆಸಿನ್ನಿಗೆ ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್ ಕಣ್ಣಂದಾಜಿನಲ್ಲಿ ಹನಿಸುತ್ತೇವೆ, ಅವಸರವಿದ್ದರೆ ನಾಲ್ಕು ಹನಿ ಹೆಚ್ಚು. ಇಪಾಕ್ಸಿಗೆ ಹಾಗೆ ಮಾಡಿದರೆ ಅದು ಗಟ್ಟಿಯೇ ಆಗದೆ ಹಲಸಿನ ಅಂಟಿನಂತೆ ಕೂತುಬಿಡುತ್ತದೆ. ತೂಕ ಮಾಡಿ ಕಲಸಬೇಕು, ತಾಳ್ಮೆಯಿಂದ ಕಾಯಬೇಕು. ಎರಡೂ ನನಗೆ ಒಗ್ಗದ ಕೆಲಸ. ಕರಗಿದ ಬಿಲದೊಳಗೆ ಥರ್ಮಾಕೋಲಿನ ತುಂಡು ಕತ್ತರಿಸಿ ಕೂರಿಸಿದೆ, ಸಂದಿಗೆ ಹಗುರ ಪುಡಿ ಕಲಸಿದ ಇಪಾಕ್ಸಿ ತುಂಬಿದೆ, ಮೇಲೆ ತೆಳು ಬಟ್ಟೆ ಹಾಸಿ ಗಾಳಿಗುಳ್ಳೆ ಹೊರಗೆ ಹೋಗುವಂತೆ ಪಟ್ಟಿಯಿಂದ ಎಳೆದೆ. ಒಣಗಿದ ಮೇಲೆ ತೀಡಿ ನೋಡಿದರೆ ಗೆರೆಯೂ ಕಾಣುತ್ತಿರಲಿಲ್ಲ. ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡೆ.

ಸಂಕ್ರಾಂತಿಗೆ ಹಲಗೆ ಮರಳಿ ಬಂತು. ಎರಡೂ ಕೈಯಿಂದ ಎತ್ತುವಷ್ಟು ಭಾರವಾಗಿತ್ತು.

"ನೀರು ಕುಡುದೈತ್ರಿ, ಪರತ," ಎಂದರು ಚಾಲಕರು.

ಮೆಟ್ಟಿಲಿಗೆ ತಾಗಿ ಹೊಸದೊಂದು ಸೀಳಾಗಿತ್ತು, ಮತ್ತೆ ಒಂದೆರಡು ಕುಳಿಗಳು. ನೀರು ಇಲ್ಲಿಂದಲೇ ಹೋಗಿದೆ ಎಂದುಕೊಂಡೆ. ಕಣ್ಣಿಗೆ ಕಾಣುವ ಗಾಯವಿದ್ದಾಗ ಕಾಣದ ಗಾಯವನ್ನು ಯಾರು ಹುಡುಕುತ್ತಾರೆ? ಬಾಲದ ಹತ್ತಿರ ಒಂದು ರಂಧ್ರ ಕೊರೆದು ಹಲಗೆಯನ್ನು ನಿಲ್ಲಿಸಿದರೆ ಹನಿ ಹನಿಯಾಗಿ ನೀರು ಬಸಿಯತೊಡಗಿತು. ಬೇಗ ಒಣಗಲೆಂದು ತಗಡಿನ ಮೇಲೆ ಬಿಸಿಲಿಗಿಟ್ಟೆ. ಒಳಗಿನ ತೇವ ಕಾದು ಉಬ್ಬಿ, ಮೇಲಿನ ಚರ್ಮ ರೊಟ್ಟಿಯ ಹಾಗೆ ಬುರ್ರೆಂದು ಎದ್ದಿತು. ಆ ಭಾಗವನ್ನು ಕತ್ತರಿಸಿ ತೆಗೆದು ಹೊಸ ಚರ್ಮ ಹಾಸಬೇಕಾಯಿತು. ಕೊನೆಗೆ ಗೆಳೆಯನೊಬ್ಬನ ತಂಬಾಕಿನ ವಖಾರದಲ್ಲಿ, ನೆರಳಿನಲ್ಲಿ, ಒಣಗಿದ ತಂಬಾಕಿನ ದೊಡ್ಡ ಮೂಟೆಗಳ ನಡುವೆ ಹಲಗೆಯನ್ನು ನಿಲ್ಲಿಸಿ ಬಂದೆ. ತಂಬಾಕಿಗೆ ತೇವ ಆಗದಂತೆ ಕಟ್ಟಿದ ಗೋದಾಮು ಅದು. ನಿಧಾನವಾಗಿಯಾದರೂ ಚೆನ್ನಾಗಿ ಒಣಗಿತು.

ಮುಂದೆ ಹುಡುಗಿ ಫೋನಿನಲ್ಲಿ ಹೇಳಿದಳು, "ಚಾಚಾ, ಫಳಿ ಹಗರ ಆಗೇತ್ರಿ. ಆದ್ರ ಅದರ ಮ್ಯಾಲ ಮಲಗಿದ್ರ ಸೀನು ಬರ್ತಾವ. ತಂಬಾಕು ತಿನ್ನಿಸೀರೇನು ಅದಕ್ಕ?"

"ಚಟ ಬಿಡಸಾಕ ಕಳಿಸಿದ್ನೆವ್ವಾ, ಅಲ್ಲಿ ಇನ್ನೊಂದು ಚಟ ಕಲತು ಬಂತು," ಎಂದೆ. ಅವಳು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

ಆದರೆ ಹಲಗೆ ನೀರು ಕುಡಿಯುವ ಚಟವನ್ನು ಬಿಡಲಿಲ್ಲ. ಬೇಸಿಗೆಯ ನಡುವೆ ಮತ್ತೆ ಬಂತು. ಈ ಸಲ ಚಾಲಕರ ಮುಖ ಬೇರೆಯಾಗಿತ್ತು. ಹುಡುಗಿ ನದಿಯ ನಡುವೆ ಇದ್ದಾಗ ಭಾರಕ್ಕೆ ಮೂತಿ ಕೆಳಗೆ ಹೋಗಿ ಅವಳು ಹಲಗೆಯಿಂದ ಜಾರಿದ್ದಳು. ಈಜು ಬರುತ್ತಿತ್ತು, ಹಲಗೆಯನ್ನು ಬಿಡಲಿಲ್ಲ, ತಂದೆ ಈಜಿಕೊಂಡು ಹೋಗಿ ಎಳೆದು ತಂದರು. ಏನೂ ಆಗಲಿಲ್ಲ. ಆದರೆ ಮೆಟ್ಟಿಲ ಮೇಲೆ ನಿಂತಿದ್ದ ತಾಯಿ ಕೂಗಿದ ಕೂಗನ್ನು ತಂದೆ ಮರೆತಿರಲಿಲ್ಲ.

"ಮಿಸ್ತ್ರಿ, ಇದು ಕಡೀ ಸಲ ನೋಡ್ರಿ," ಎಂದರು. "ಇನ್ನೊಮ್ಮೆ ನೀರು ಕುಡೀತಂದ್ರ ಸೀಳಿ ಒಲಿಗೆ ಹಾಕಾಂವ ನಾ. ಆಕೀನ್ನ ನೀರಿಗೆ ಬಿಡೂದಿಲ್ಲ."

ಹುಡುಗಿ ಕ್ಯಾಬಿನ್ನಿನಲ್ಲೇ ಇದ್ದಳು. ಮಡಿಲಲ್ಲಿದ್ದ ಕೈಗಳನ್ನು ನೋಡುತ್ತ ಕೂತಿದ್ದಳು. ಮಳೆ ಶುರುವಾಗುವ ಮೊದಲು ಬಂಧಾರದ ಗೇಟು ತೆಗೆಯುತ್ತಾರೆ, ಆಮೇಲೆ ನದಿಗೆ ಇಳಿಯುವ ಮಾತೇ ಇಲ್ಲ. ಇನ್ನು ಉಳಿದದ್ದು ಆ ಬೇಸಿಗೆಯ ಸ್ವಲ್ಪ ದಿನ. ಈ ಹಲಗೆ ಹೋದರೆ ಅವಳಿಗೆ ಉಳಿಯುವುದು ಮನೆಯ ಹೊಸ್ತಿಲು ಮತ್ತು ಹೊಲಿಗೆ ಮಷಿನ್ನು. ಇದು ನಾನು ಮಾಡುವ ಇನ್ನೊಂದು ಬಚ್ಚಲ ಬಾಗಿಲಲ್ಲ ಎಂದು ನನಗೆ ಅಂದು ಸರಿಯಾಗಿ ಅರ್ಥವಾಯಿತು.

ಮೊದಲು ತಲೆಗೆ ಬಂದದ್ದು ನಮ್ಮ ಹಳೆಯ ದಾರಿ. ಮೇಲಿಂದ ಕೆಳಗಿನ ತನಕ ದಪ್ಪ ಮ್ಯಾಟು ಹಾಸಿಬಿಟ್ಟರೆ ಒಂದು ಹನಿಯೂ ಹೋಗದು. ಅಳತೆಗೆ ಬಟ್ಟೆಯನ್ನೂ ಕತ್ತರಿಸಿದೆ. ಆದರೆ ಕತ್ತರಿಸಿದ ಬಟ್ಟೆಯನ್ನು ಕೈಯಲ್ಲಿ ಹಿಡಿದು ತೂಗಿದಾಗ ಅವಳು ಮೊದಲ ದಿನ ಹೇಳಿದ ಮಾತು ನೆನಪಾಯಿತು. ನೀರು ಕುಡಿದು ಭಾರವಾದರೇನು, ನನ್ನ ಮ್ಯಾಟಿನಿಂದ ಭಾರವಾದರೇನು, ಅವಳ ತೋಳಿಗೆ ಎರಡೂ ಒಂದೇ. ಬಟ್ಟೆಯನ್ನು ಮಡಚಿ ಇಟ್ಟೆ. ತೂತು ಎಲ್ಲಿದೆ ಎಂದು ತಿಳಿಯದೆ ಇದನ್ನು ಮುಟ್ಟುವುದಿಲ್ಲ ಎಂದು ನಿಶ್ಚಯ ಮಾಡಿದೆ.

ಗೋವಾದವನಿಗೆ ಮತ್ತೆ ಫೋನ್ ಮಾಡಿದೆ. ಕಾಣುವ ಗಾಯವನ್ನೆಲ್ಲ ಮುಚ್ಚು, ಉಸಿರಿನ ತಿರುಪು ತೆಗೆದು ಅಲ್ಲಿ ನಳಿಕೆ ಸೇರಿಸಿ ಬಾಯಿಂದ ಊದು, ಮೇಲೆಲ್ಲ ಸಾಬೂನಿನ ನೀರು ಹಚ್ಚಿ ನೋಡು ಎಂದ. ಸೈಕಲ್ ಪಂಕ್ಚರ್ ತೆಗೆಯುವವನ ವಿದ್ಯೆಯೇ. ಪಂಪು ಮಾತ್ರ ಹಚ್ಚಬೇಡ, ಹೆಚ್ಚಿನ ಗಾಳಿಗೆ ಚರ್ಮ ಬಿಟ್ಟುಕೊಳ್ಳುತ್ತದೆ ಎಂದು ಎಚ್ಚರಿಸಿದ.

ಸೀಳು, ಕುಳಿ ಎಲ್ಲ ಮುಚ್ಚಿ ಒಣಗಿದ ಮೇಲೆ ಒಂದು ಮುಂಜಾನೆ ಕೂತೆ. ಸಲಾಯಿನ್ನಿನ ನಳಿಕೆಯೊಂದನ್ನು ಸೇರಿಸಿ ಊದುತ್ತ, ಒಂದು ಕೈಯಿಂದ ಬ್ರಶ್ಶಿನಲ್ಲಿ ಸಾಬೂನಿನ ನೀರು ಸವರುತ್ತ ಹೋದೆ. ಅಂಚು ನೋಡಿದೆ, ಏನಿಲ್ಲ. ಬಾಲ, ಬೆನ್ನು, ಹೊಟ್ಟೆ, ಏನಿಲ್ಲ. ಊದಿ ಊದಿ ಗಲ್ಲ ನೋಯತೊಡಗಿತು. ಬಾನೆಟ್ಟು ಒಯ್ಯಲು ಬಂದ ಒಬ್ಬ ಗಿರಾಕಿ ಬಾಗಿಲಲ್ಲೇ ನಿಂತು, "ಶಹನಾಯಿ ಕಲ್ಯಾಕತ್ತೀರೇನ್ರಿ ಮಿಸ್ತ್ರಿ?" ಎಂದು ಕೇಳಿ ಹೋದ.

ಮಧ್ಯಾಹ್ನದ ನಮಾಜು ಮುಗಿಸಿ ಬಂದು ಮತ್ತೆ ಮೂತಿಯ ಕಡೆ ಕೂತೆ. ಟೇಪು ಹಚ್ಚಿ ಕಾಪಾಡಿದ ಕುಂಕುಮವನ್ನು ಬಿಟ್ಟು ಸುತ್ತಲೂ ಸವರಿದೆ, ಊದಿದೆ. ಏನಿಲ್ಲ. ಬೇಸರದಿಂದ ಬ್ರಶ್ಶು ಕೆಳಗಿಡುವಾಗ ಸಾಬೂನಿನ ನೀರು ತಾನಾಗಿಯೇ ಹರಿದು ಟೇಪನ್ನು ದಾಟಿ ಕುಂಕುಮಕ್ಕೆ ತಾಗಿತು. ನೀರು ಕೆಂಪಾಯಿತು. ಬಾಯಲ್ಲಿ ನಳಿಕೆ ಇದ್ದೇ ಇತ್ತು, ಸುಮ್ಮನೆ ಉಸಿರು ಬಿಟ್ಟೆ. ಆ ಕೆಂಪಿನ ನಡುವೆ ಒಂದು ಗುಳ್ಳೆ ಎದ್ದು, ದೊಡ್ಡದಾಗಿ, ಒಡೆಯಿತು. ಮತ್ತೆ ಊದಿದೆ, ಮತ್ತೊಂದು ಎದ್ದಿತು.

ನಳಿಕೆಯನ್ನು ಬಾಯಿಂದ ತೆಗೆದೆ. ಒಂದು ಬಟ್ಟೆ ತೆಗೆದುಕೊಂಡು ಒರೆಸಿದ್ದರೆ ಮುಗಿಯುತ್ತಿತ್ತು. ಕೈ ಏಳಲಿಲ್ಲ. ಮೂರು ಸಲವೂ ಮರ್ಯಾದೆಯಿಂದ ಬಿಟ್ಟ ಜಾಗ ಅದು. ಯಾರು ಹಚ್ಚಿದ್ದಾರೋ ಅವರೇ ತೆಗೆಯಲಿ ಎಂದು ಚಾಲಕರಿಗೆ ಫೋನ್ ಮಾಡಿ, ಮನೆಯವರನ್ನೂ ಕರೆದುಕೊಂಡು ಬನ್ನಿ ಎಂದೆ.

ಮರುದಿನ ಮೂವರೂ ಬಂದರು. ತಾಯಿಯನ್ನು ನಾನು ನೋಡಿದ್ದು ಅದೇ ಮೊದಲು. ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಳ್ಳುತ್ತ ಬಾಗಿಲಲ್ಲೇ ನಿಂತರು. ನಾನು ಏನೂ ವಿವರಿಸದೆ ಊದಿ ತೋರಿಸಿದೆ. ಕೆಂಪು ಗುಳ್ಳೆ ಎದ್ದಿತು.

"ಅಕ್ಕಾರ, ಇದರ ಬುಡಕ ಏನೈತ್ರಿ?" ಎಂದೆ.

ಅವರು ಗಂಡನ ಮುಖ ನೋಡಿದರು, ಆಮೇಲೆ ನನ್ನ ಮುಖ. "ದಾರ ಕಟ್ಟಾಕ ಒಂದು ಸಣ್ಣ ತಿರುಪಿನ ಮೊಳಿ ಹಾಕಿದ್ದೆ ಅಣ್ಣಾರ. ಅಮಾಸಿಗೊಮ್ಮೆ ಲಾರಿಗೆ ಲಿಂಬಿಹಣ್ಣ ಕಟ್ಟತೀವಲ್ರಿ, ಹಂಗ ಇದಕ್ಕೂ ಒಂದು ಕರಿದಾರ. ಪೋರಿ ನೀರಿಗಿ ಹೋಕ್ಕಾಳ, ಯಾರದರೆ ದಿಟ್ಟಿ ತಾಗಬಾರ್ದಂತ."

"ಮತ್ತ ಇಲ್ಲಿಗೆ ಬಂದಾಗ ಮೊಳಿ ಇರಲೇ ಇಲ್ಲಲ್ರಿ?"

"ಮಿಸ್ತ್ರಿ ನೋಡಿ ಏನಂದಾರು ಅಂತ ನಾಚಿಕಿ ಆತ್ರಿ. ಪ್ರತಿ ಸಲ ಬಿಚ್ಚಿಟ್ಟು, ಈಕಿ ಹೊಲಿಗಿ ದಾರಕ್ಕ ತಿಕ್ಕೂ ಮೇಣ ತುಂಬಿ, ಮ್ಯಾಲ ಕುಂಕುಮ ಹಚ್ಚಿ ಕಳಿಸ್ತಿದ್ದೆ. ಮನಿಗೆ ಬಂದ ಮ್ಯಾಲ ಪರತ ಹಾಕ್ತಿದ್ದೆ."

ಚಾಲಕರು ಹಣೆ ತಿಕ್ಕಿಕೊಂಡರು. ದಾರ ಇದ್ದದ್ದು ಅವರಿಗೂ ಗೊತ್ತು, ಹುಡುಗಿಗೂ ಗೊತ್ತು. ಲಾರಿಯ ಕಟ್ಟಿಗೆಯ ಮೈಗೆ ಎಷ್ಟು ಮೊಳೆ ಹೊಡೆದರೂ ಏನೂ ಆಗದ್ದನ್ನು ಕಂಡ ಮನುಷ್ಯನಿಗೆ ಒಂದು ತಿರುಪಿನ ಮೊಳೆಯ ಮೇಲೆ ಯಾಕೆ ಸಂಶಯ ಬರಬೇಕು? ನಾನು ಗಾಯ ಮುಚ್ಚಿ ಕಳಿಸುತ್ತಿದ್ದೆ, ಅವರು ಪ್ರೀತಿಯಿಂದ ಮತ್ತೊಂದು ಮಾಡುತ್ತಿದ್ದರು, ಆ ಪ್ರೀತಿಗೆ ನಾನು ಟೇಪು ಹಚ್ಚಿ ಕಾವಲು ಕಾಯುತ್ತಿದ್ದೆ.

ತಾಯಿ ಹಲಗೆಯ ಹತ್ತಿರ ಬಂದು ಸೆರಗಿನ ತುದಿಯಿಂದ ಕುಂಕುಮವನ್ನು ಒರೆಸಿದರು. ಒಂದೇ ಸಲಕ್ಕೆ ಹೋಗಲಿಲ್ಲ, ಎರಡು ಮೂರು ಸಲ ಒರೆಸಿದರು. ಕೆಳಗೆ ಮೇಣದ ಚುಕ್ಕೆ ಕಂಡಿತು. ಸೂಜಿಯಿಂದ ಅದನ್ನು ಎತ್ತಿದೆ. ಸುತ್ತಲಿನ ಚರ್ಮ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು, ಒಳಗಿನ ಥರ್ಮಾಕೋಲು ಹಳದಿಯಾಗಿತ್ತು. ತಾಯಿ ಪಕ್ಕದಲ್ಲಿದ್ದ ರೆಸಿನ್ ಡ್ರಮ್ಮಿನ ಮೇಲೆ ಕುಸಿದು ಕೂತರು.

"ಹಂಗಾದ್ರ ನಾನs ಆಕೀನ್ನ ಮುಳಗಸಾಕತ್ತಿದ್ನೇನ್ರಿ?"

ಹುಡುಗಿ ಊರುಗೋಲು ಊರಿಕೊಂಡು ಬಂದು ತಾಯಿಯ ಭುಜಕ್ಕೆ ಆತುಕೊಂಡು ನಿಂತಳು.

"ಯವ್ವಾ, ನೀರು ಕುಡುದಿದ್ದು ಫಳಿ, ನಾ ಅಲ್ಲ. ನಾ ದಿನಾ ತಿರುಗಿ ದಂಡಿಗೆ ಬಂದೀನಿಲ್ಲ? ಆ ದಾರ ನೋಡಕೋತನs ಬಂದೀನಿ ಬೇ."

"ಬ್ಯಾಡ," ಎಂದರು ತಾಯಿ. "ಇನ್ನ ದಾರ ಬ್ಯಾಡ. ಬರೇ ಫಳಿ ಇರಲಿ."

ಹೇಳಿದರು, ಆದರೆ ಅವರ ಕೈ ಸೆರಗಿನ ಕೆಂಪು ತುದಿಯನ್ನು ಹಿಂಡುತ್ತಲೇ ಇತ್ತು. ಮೆಟ್ಟಿಲ ಮೇಲೆ ದಾರವಿಲ್ಲದೆ ನಿಂತ ಈ ತಾಯಿಯನ್ನು ಮನಸ್ಸಿನಲ್ಲೇ ಕಂಡೆ. ಪ್ರತಿ ಸಲ ಜೀವ ಹಿಡಿದುಕೊಂಡು ನಿಲ್ಲುತ್ತಾರೆ, ಮಗಳು ನದಿಯ ನಡುವಿನಿಂದ ಹಿಂದೆ ಹಿಂದೆ ನೋಡುತ್ತಾಳೆ. ತೂತು ಮುಚ್ಚಿದರೂ ಆ ಅಳುಕಿಗೇ ಹಲಗೆ ಭಾರವಾಗುತ್ತದೆ. ಅಬ್ಬಾನ ರೂಢಿಯನ್ನು ನಾನು ಮುರಿಯಬೇಕಾಗಿ ಬಂದಿತ್ತು, ಮುರಿದದ್ದೂ ಆಯಿತು. ಆದರೆ ಮುರಿದದ್ದನ್ನು ಜೋಡಿಸುವುದು ತಾನೆ ನನ್ನ ಹೊಟ್ಟೆಪಾಡು?

"ಅಕ್ಕಾರ, ದಾರ ಇರಲ್ರಿ," ಎಂದೆ. "ಹೊರಗ ಕಟ್ಟೂದು ಬ್ಯಾಡ. ನಾ ಒಳಗ ಹಾಕ್ತೀನಿ. ಗ್ಲಾಸ್ ಬಟ್ಟಿ ಬುಡಕ. ನೀರಿನ ಜೋಡಿ ಸಂಬಂಧನs ಇರೂದಿಲ್ಲ, ಅಮಾಸಿಗೊಮ್ಮೆ ಬದಲಿ ಮಾಡೂ ಕೆಲಸನೂ ಇಲ್ಲ. ಫಳಿ ಇರೂತನಕ ಇರ್ತೈತಿ."

"ಕಾಣಸ್ತೈತೇನ್ರಿ ಅಣ್ಣಾರ?"

"ಕನ್ನಡ್ಯಾಗಿಂದು ಕಂಡಂಗ ಕಾಣಸ್ತೈತ್ರಿ."

ಮಾತು ಕೊಟ್ಟಾದ ಮೇಲೆ ನನಗೇ ಅಳುಕು ಶುರುವಾಯಿತು. ಒಳಗಿನ ನೀರು ಬಸಿದು ಹಲಗೆ ಮತ್ತೆ ವಖಾರದಲ್ಲಿ ಒಣಗುತ್ತಿದ್ದ ದಿನಗಳಲ್ಲಿ ಥರ್ಮಾಕೋಲಿನ ತುಂಡಿನ ಮೇಲೆ ಪ್ರಯೋಗ ಮಾಡಿದೆ. ಹತ್ತಿಯ ದಾರವನ್ನು ಹಾಗೆಯೇ ಇಟ್ಟರೆ ಅದರ ಎಳೆಗಳಲ್ಲಿ ಗಾಳಿ ಉಳಿದು ಬೆಳ್ಳಗೆ ಕಾಣುತ್ತಿತ್ತು. ದಾರದ ತುದಿ ಎಲ್ಲಾದರೂ ಹೊರಗೆ ಇಣುಕಿದರಂತೂ ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ನೀರೆಳೆಯುತ್ತಿತ್ತು. ಮತ್ತೆ ಅದೇ ಗತಿ. ದಾರವನ್ನು ಮೊದಲೇ ಇಪಾಕ್ಸಿಯಲ್ಲಿ ನೆನೆಸಿ, ಎರಡು ಬೆರಳಿನಲ್ಲಿ ಹಿಂಡಿ ಹಿಂಡಿ ಗಾಳಿ ತೆಗೆದು, ಎರಡೂ ತುದಿಯನ್ನು ಒಳಗೆ ಸುರುಳಿ ಸುತ್ತಿ, ಮೇಲೆ ಬಟ್ಟೆಯನ್ನು ಅಗಲವಾಗಿ ಹಾಸಿದರೆ ಸರಿಹೋಯಿತು. ಕುಂಕುಮವನ್ನೂ ಪರೀಕ್ಷಿಸಿದೆ, ಬಣ್ಣ ಹರಿಯಲಿಲ್ಲ. ಆ ತುಂಡನ್ನು ನೀರಿನ ಬಕೆಟ್ಟಿನಲ್ಲಿ ಕಲ್ಲು ಕಟ್ಟಿ ಮುಳುಗಿಸಿಟ್ಟು, ತೆಗೆದು ಮುರಿದು ನೋಡಿದೆ. ಒಳಗೆ ಒಣಗಿಯೇ ಇತ್ತು.

ಮೂತಿಯ ಹಳೆಯ ಥರ್ಮಾಕೋಲನ್ನು ಕೆರೆದು ಹೊಸ ತುಂಡು ಕೂರಿಸಿ ಸಪಾಟು ಮಾಡಿದ ದಿನ ಮೂವರನ್ನೂ ಮತ್ತೆ ಕರೆದೆ. ತಾಯಿ ಕರಿದಾರ ತಂದಿದ್ದರು. ಅದನ್ನು ನೆನೆಸಿ ಅವರು ತೋರಿಸಿದ ಕಡೆ ಇಟ್ಟೆ. ನಾನು ಕುಂಕುಮಕ್ಕೆ ಕಾಯುತ್ತಿದ್ದರೆ, ಅವರು ಪದ್ಧತಿಯಂತೆ ಮೊದಲು ಅರಿಶಿನದ ಬೊಟ್ಟು ಇಟ್ಟರು. ಅರಿಶಿನವನ್ನು ನಾನು ಪರೀಕ್ಷಿಸಿರಲಿಲ್ಲ. ಹಸಿ ಇಪಾಕ್ಸಿ ತಾಗಿದ್ದೇ ತಡ, ಹಳದಿ ಬೊಟ್ಟು ಅಂಚಿನಿಂದ ಒಳಕ್ಕೆ ಕೆಂಪಾಗುತ್ತ ಬಂತು. ಸುಣ್ಣ ತಾಗಿದ ಅರಿಶಿನ ಕೆಂಪಾಗುವುದಿಲ್ಲವೆ, ಹಾರ್ಡ್‌ನರ್ ಅದೇ ಕೆಲಸ ಮಾಡಿತ್ತು. ಈ ತಾಯಿ ಇದನ್ನು ಏನೆಂದು ತಿಳಿದುಕೊಳ್ಳುತ್ತಾರೋ.

ಅವರು ಕುಂಕುಮದ ಭರಣಿಯ ಮುಚ್ಚಳ ಹಾಕಿದರು. "ಇನ್ನ ಬ್ಯಾಡ್ರಿ ಅಣ್ಣಾರ," ಎಂದರು ಮೆಲ್ಲಗೆ. "ತಾನs ಕುಂಕುಮ ಆತು."

ನಾನು ಬಟ್ಟೆ ಹಾಸಿ, ಪಟ್ಟಿಯಿಂದ ಎಳೆದು, ಕೆಲಸ ಮುಗಿಸಿದೆ. ಬಟ್ಟೆಯ ಬಿಳುಪು ಕರಗಿ ದಾರ ಮತ್ತು ಬೊಟ್ಟು ಎರಡೂ ಸ್ಪಷ್ಟವಾಗಿ ಕಂಡವು. ಹುಡುಗಿ ಬಹಳ ಹೊತ್ತು ಅದನ್ನೇ ನೋಡಿದಳು, ಹಸಿ ಇದೆ ಎಂದು ಗೊತ್ತಿದ್ದರಿಂದ ಮುಟ್ಟಲಿಲ್ಲ.

ಪೂರ್ತಿ ಗಟ್ಟಿಯಾದ ಮೇಲೆ ಹಲಗೆಯನ್ನು ನಾನೇ ಬೋರಗಾಂವಕ್ಕೆ ಒಯ್ದೆ. ಆಕಾಶದಲ್ಲಿ ಆಗಲೇ ಮೋಡ ಸೇರತೊಡಗಿದ್ದವು. ಚಾಲಕರು ನನ್ನನ್ನು ನದಿಗೆ ಕರೆದೊಯ್ಯುವ ಮೊದಲು ಊರಿನ ಹಾಲಿನ ಡೇರಿಯ ಮುಂದೆ ನಿಲ್ಲಿಸಿದರು. ಕೈಯಂದಾಜನ್ನು ಅವರು ಇನ್ನು ನಂಬಲಿಕ್ಕೆ ತಯಾರಿರಲಿಲ್ಲ. ಹಾಲಿನ ಕ್ಯಾನು ತೂಗುವ ಕಾಟಾದ ಮೇಲೆ ಹಲಗೆಯನ್ನು ಅಡ್ಡ ಇಟ್ಟೆವು. ಹಾಲಿನ ಬರಣಿ ಹಿಡಿದು ನಿಂತಿದ್ದ ರೈತರೆಲ್ಲ ಸುತ್ತ ಸೇರಿದರು.

"ಇದರ ಫ್ಯಾಟ್ ಎಷ್ಟ ಬರ್ತೈತ್ರಿ?" ಎಂದ ಡೇರಿಯವನು.

"ನೀರು ಬೆರಸಿದ್ರ ಹೇಳ್ರಿ, ಅಷ್ಟs ಸಾಕು," ಎಂದರು ಚಾಲಕರು. ಕಾಟಾ ತೋರಿಸಿದ ಅಂಕಿಯನ್ನು ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡರು.

ನದಿಯ ಮೆಟ್ಟಿಲ ಹತ್ತಿರ ಹುಡುಗಿ ಊರುಗೋಲನ್ನು ತಾಯಿಯ ಕೈಗೆ ಕೊಟ್ಟು, ಕೂತು ಜಾರುತ್ತ ಕೊನೆಯ ಮೆಟ್ಟಿಲಿಗೆ ಇಳಿದಳು. ತಂದೆ ಹಲಗೆಯನ್ನು ನೀರಿಗೆ ಬಿಟ್ಟರು. ಅವಳು ಮಲಗಿದಳು, ಒಮ್ಮೆ ಕೈಯೆಳೆದಳು, ಮತ್ತೊಮ್ಮೆ ಎಳೆದಳು. ಆಮೇಲೆ ನಡೆದದ್ದನ್ನು ಹೇಗೆ ಹೇಳಲಿ? ನಾನು ನೋಡಿದ ಹುಡುಗಿ ಲಾರಿಯ ಸೀಟಿನಿಂದ ನನ್ನ ಅಂಗಡಿಯ ಬಾಗಿಲಿಗೆ ಬರಲು ಎಷ್ಟೋ ಹೊತ್ತು ತೆಗೆದುಕೊಳ್ಳುವವಳು. ಇವಳು ಬೇರೆಯೇ ಯಾರೋ. ನದಿಯ ನಡುವೆ ಹೋಗಿ, ಅಲ್ಲಿ ಬೇಕೆಂದೇ ಒಂದು ಸುತ್ತು ತಿರುಗಿ, ಆ ದಂಡೆಯ ಕಲ್ಲನ್ನು ಮುಟ್ಟಿ, ಮತ್ತೆ ನಮ್ಮ ಕಡೆ ಮುಖ ಮಾಡಿದಳು. ಮೂತಿ ನೀರಿನ ಮೇಲೆಯೇ ಇತ್ತು. ಒಮ್ಮೆಯೂ ಹಿಂದೆ ನೋಡಲಿಲ್ಲ. ತಾಯಿ ಊರುಗೋಲುಗಳನ್ನು ಎದೆಗೆ ಅವುಚಿಕೊಂಡು ನಿಂತಿದ್ದರು, ಬಾಯಿ ಮಾತ್ರ ಏನನ್ನೋ ಅನ್ನುತ್ತಿತ್ತು. ನನ್ನ ಕಣ್ಣು ತುಂಬಿ ಬಂತು, ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. ಅವಳು ಸಾಕೆನ್ನುವ ತನಕ, ಸೂರ್ಯ ಮೇಲೇರುವ ತನಕ, ಹೋಗುವುದು ಬರುವುದು ನಡೆದೇ ಇತ್ತು.

ಆಮೇಲೆ ಮತ್ತೆ ಡೇರಿಗೆ ಹೋದೆವು. ಹಾಲು ಹಾಕುವವರು ಮನೆಗೆ ಹೋಗಿದ್ದರು, ಡೇರಿಯವನು ಕ್ಯಾನು ತೊಳೆಯುತ್ತಿದ್ದ. ಚಾಲಕರು ಟವೆಲ್ಲಿನಿಂದ ಹಲಗೆಯನ್ನು ಒರೆಸಿದರು. ಮಗುವನ್ನು ಮೀಯಿಸಿ ಒರೆಸಿದಂತೆ ಮೂಲೆ ಮೂಲೆ ಒರೆಸಿದರು. ಕಾಟಾದ ಮೇಲೆ ಇಟ್ಟರು. ಹುಡುಗಿ ಒದ್ದೆ ಬಟ್ಟೆಯಲ್ಲೇ ಲಾರಿಯ ಕ್ಯಾಬಿನ್ನಿನಿಂದ ನೋಡುತ್ತಿದ್ದಳು.

ಚಾಲಕರು ಕಾಟಾ ನೋಡಿದರು, ಅಂಗೈ ನೋಡಿದರು, ಮತ್ತೆ ಕಾಟಾ ನೋಡಿದರು. ಟವೆಲ್ಲಿನಿಂದ ಅಂಗೈಯ ಬರಹವನ್ನು ತಿಕ್ಕಿ ಅಳಿಸಿದರು. ಆಮೇಲೆ ಫೋನ್ ತೆಗೆದು, ಗೋವಾದ ಲೋಡು ಹೇಳುವ ದಲಾಲರಿಗೆ ಹಚ್ಚಿದರು.

"ಹಲೋ, ನಾಳೆ ಗಾಡಿ ಬರೂದಿಲ್ರಿ," ಎಂದರು. "ಇಲ್ರಿ, ಗಾಡಿ ಸುದ್ದ ಐತಿ. ಗೇಟು ತೆಗಿಯೂದಕ್ಕ ಇನ್ನ ಸ್ವಲ್ಪ ದಿನ ಅದಾವ, ಮಗಳನ್ನ ಹೊಳಿಗೆ ಕರಕೊಂಡು ಹೋಗೂದೈತಿ."